ಕಲಾ ಟ್ರಸ್ಟಿಗೆ ಅಧ್ಯಕ್ಷರನ್ನು ಹುಡುಕುವುದು ಹೇಗೆ?

ರಾಜ್ಯದ ಅನೇಕ ಊರುಗಳಲ್ಲಿ ಜೈನ ಸಮಾಜದವರು ನಡೆಸುವ ಸಣ್ಣ ಕಲಾ ಸಂಸ್ಥೆಗಳಿವೆ. ಕೆಲವು ಕಡೆ ಅದು ಜಿನಭಜನಾ ಮಂಡಳಿ, ಕೆಲವು ಕಡೆ ಮಕ್ಕಳ ಸಂಗೀತ ಮತ್ತು ನೃತ್ಯ ತರಗತಿ. ಇನ್ನು ಕೆಲವು ಕಡೆ ಪುರಾಣ ಕಾವ್ಯಗಳ ವಾಚನ, ಕರಾವಳಿಯಲ್ಲಿ ಯಕ್ಷಗಾನ, ತಾಳಮದ್ದಳೆ. ಬಹುತೇಕ ಸಂಸ್ಥೆಗಳು ಒಬ್ಬಿಬ್ಬರ ಉತ್ಸಾಹದಿಂದ ಹುಟ್ಟಿದವು, ಅದೇ ಒಬ್ಬಿಬ್ಬರ ಹೆಗಲ ಮೇಲೆ ಇಪ್ಪತ್ತು ಮೂವತ್ತು ವರ್ಷ ನಡೆದುಬಂದವು. ಈಗ ಆ ಹಿರಿಯರಿಗೆ ವಯಸ್ಸಾಗಿದೆ. ಕೆಲವರು ಮಕ್ಕಳ ಜೊತೆ ಬೆಂಗಳೂರಿಗೋ ಪುಣೆಗೋ ಹೋಗಿದ್ದಾರೆ, ಕೆಲವರು ಇಲ್ಲವಾಗಿದ್ದಾರೆ. ಅಧ್ಯಕ್ಷರ ಸ್ಥಾನಕ್ಕೆ ಯಾರು ಎಂಬ ಪ್ರಶ್ನೆ ಒಂದಲ್ಲ ಒಂದು ದಿನ ಎಲ್ಲ ಸಂಸ್ಥೆಗಳ ಮುಂದೆಯೂ ಬರುತ್ತದೆ.

ಸಾಮಾನ್ಯವಾಗಿ ಇದು ತೀರ್ಮಾನವಾಗುವ ರೀತಿ ಎಲ್ಲರಿಗೂ ಗೊತ್ತು. ಸಭೆಯ ಕೊನೆಯಲ್ಲಿ ಒಬ್ಬರು ಎದ್ದು ಊರಿನ ದೊಡ್ಡ ದಾನಿಯ ಹೆಸರು ಹೇಳುತ್ತಾರೆ. ಇನ್ನೊಬ್ಬರು ಅನುಮೋದಿಸುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗನನ್ನು ಇಟ್ಟುಕೊಳ್ಳುವಾಗ ನಾಲ್ಕು ಕಡೆ ವಿಚಾರಿಸುವವರು, ಒಂದು ಸಂಸ್ಥೆಯ ಭವಿಷ್ಯವನ್ನು ಕೈಗೆ ಕೊಡುವಾಗ ಒಂದು ಮಾತೂ ವಿಚಾರಿಸುವುದಿಲ್ಲ. ಹೀಗೆ ಆರಿಸಿದವರಲ್ಲಿ ಒಳ್ಳೆಯವರು ಸಿಕ್ಕಿರಬಹುದು, ಆದರೆ ಅದು ಪುಣ್ಯ, ಪದ್ಧತಿ ಅಲ್ಲ. ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ ಎಂದು ಮೊದಲು ಬರೆದಿಟ್ಟು, ಆಮೇಲೆ ಮನುಷ್ಯರನ್ನು ಹುಡುಕುವುದು ಸರಿಯಾದ ಕ್ರಮ. ಆ ಕ್ರಮವನ್ನು ಹಂತಹಂತವಾಗಿ ಇಲ್ಲಿ ವಿವರಿಸಲಾಗಿದೆ.

ಕಲೆಯ ಸೇವೆ ಧರ್ಮದ ಹೊರಗಿನದಲ್ಲ

ಬಸದಿಯ ಆಡಳಿತ, ವಿದ್ಯಾರ್ಥಿನಿಲಯ, ಆಸ್ಪತ್ರೆ ಇವುಗಳಿಗೆ ಅಧ್ಯಕ್ಷರಾಗಲು ಮುಂದೆ ಬರುವವರು ಕಲಾ ಸಂಸ್ಥೆ ಎಂದಾಗ ಸ್ವಲ್ಪ ಹಿಂದೆ ಸರಿಯುವುದುಂಟು. ಹಾಡು ಕುಣಿತ ಎಂದರೆ ಮನರಂಜನೆ ಎಂಬ ಭಾವನೆ ಇದಕ್ಕೆ ಕಾರಣ. ಪರಂಪರೆ ಹೇಳುವುದು ಬೇರೆ. ಆದಿತೀರ್ಥಂಕರ ವೃಷಭನಾಥರು ರಾಜ್ಯವಾಳುತ್ತಿದ್ದಾಗ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಿಗಳನ್ನೂ ಕಲಿಸಿದರು, ಗಂಡುಮಕ್ಕಳಿಗೆ ನೃತ್ಯ, ಸಂಗೀತ, ಚಿತ್ರ ಮುಂತಾದ ವಿದ್ಯೆಗಳನ್ನು ಕಲಿಸಿದರು ಎಂದು ಪುರಾಣ ಹೇಳುತ್ತದೆ. ಅವರಿಗೆ ವೈರಾಗ್ಯ ಹುಟ್ಟಿದ್ದೂ ನೀಲಾಂಜನೆಯ ನೃತ್ಯ ನೋಡುತ್ತಿದ್ದ ಸಭೆಯಲ್ಲಿಯೇ. ಪಂಪನ ಆದಿಪುರಾಣವನ್ನು ಓದಿದವರಿಗೆ ಆ ಸನ್ನಿವೇಶ ಮರೆಯುವುದಿಲ್ಲ.

ಮೂಡುಬಿದಿರೆಯ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ ಭರತೇಶ ವೈಭವವನ್ನು ಬರೆದದ್ದು ಸಾಂಗತ್ಯದಲ್ಲಿ, ಅಂದರೆ ಹಾಡಲು ಬರುವ ಮಟ್ಟಿನಲ್ಲಿ. ಅದನ್ನು ಪುಸ್ತಕದಲ್ಲಿ ಓದುವವರು ಇಂದೂ ಇದ್ದಾರೆ, ರಾಗವಾಗಿ ಹಾಡಬಲ್ಲವರು ಕಡಿಮೆಯಾಗುತ್ತಿದ್ದಾರೆ. ಹಾಡು ಮುಂದಿನ ತಲೆಮಾರಿಗೆ ಹೋಗುವುದು ಬಾಯಿಂದ ಬಾಯಿಗೆ. ಆ ಮಾತಿನ ಸರಪಣಿ ಒಮ್ಮೆ ಕಡಿದರೆ ಹಣ ಕೊಟ್ಟು ಮತ್ತೆ ತರಲಾಗುವುದಿಲ್ಲ. ವಾರಕ್ಕೆರಡು ದಿನ ನಡೆಯುವ ಒಂದು ಸಣ್ಣ ತರಗತಿ ನಿಂತುಹೋದರೆ ಆಗುವ ನಷ್ಟ ಇದು.

ಕುರ್ಚಿ ಖಾಲಿಯಾದರೆ ಏನು ನಿಲ್ಲುತ್ತದೆ?

ಅಧ್ಯಕ್ಷರಿಲ್ಲದೆಯೂ ನಾಲ್ಕು ತಿಂಗಳು ಸಂಸ್ಥೆ ನಡೆಯುತ್ತದೆ, ಆದ್ದರಿಂದ ಅವಸರವೇನು ಎಂದು ಅನೇಕರು ಭಾವಿಸುತ್ತಾರೆ. ಮೊದಲ ತೊಂದರೆ ಬ್ಯಾಂಕಿನಲ್ಲಿ ಕಾಣಿಸುತ್ತದೆ. ಚೆಕ್ಕಿಗೆ ಅಧ್ಯಕ್ಷರ ಸಹಿ ಕಡ್ಡಾಯವಾಗಿದ್ದರೆ ಹಣ ತೆಗೆಯುವಂತಿಲ್ಲ. ಸಹಿದಾರರನ್ನು ಬದಲಿಸಲು ಬ್ಯಾಂಕಿನವರು ಸಭೆಯ ಠರಾವು, ಹೊಸ ಪದಾಧಿಕಾರಿಗಳ ಪಟ್ಟಿ, ಅವರ ಪ್ಯಾನ್ ಮತ್ತು ಆಧಾರ್ ದಾಖಲೆ ಕೇಳುತ್ತಾರೆ. ಅಧ್ಯಕ್ಷರೇ ಇಲ್ಲದಾಗ ಆ ಸಭೆಯನ್ನು ಕರೆಯುವವರು ಯಾರು ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ಎರಡನೆಯದು ತೆರಿಗೆ ಇಲಾಖೆಯ ಕೆಲಸ. ಆದಾಯ ತೆರಿಗೆಯ ಜಾಲತಾಣದಲ್ಲಿ ಟ್ರಸ್ಟಿನ ಖಾತೆಗೆ ಹಳೆಯ ಅಧ್ಯಕ್ಷರ ಮೊಬೈಲ್ ನಂಬರ್ ಕೊಟ್ಟಿರುತ್ತದೆ. ಒಟಿಪಿ ಅಲ್ಲಿಗೇ ಹೋಗುತ್ತದೆ. ಆ ಫೋನ್ ಈಗ ಯಾರ ಬಳಿಯೂ ಇಲ್ಲ ಎಂದರೆ ಆಡಿಟರ್ ಕೂಡ ಕೈಚೆಲ್ಲುತ್ತಾರೆ. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 12ಎ ಮತ್ತು 80ಜಿ ನೋಂದಣಿಗಳು ಈಗ ಶಾಶ್ವತವಲ್ಲ, ಅವಧಿಯೊಳಗೆ ನವೀಕರಣ ಆಗಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ, ಆದರೆ ಜನ ಇನ್ನೂ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ನವೀಕರಣದ ದಿನಾಂಕ ತಪ್ಪಿದರೆ ದೊಡ್ಡ ದಾನಿಗಳು ಮೊದಲು ಕೇಳುವ ರಸೀದಿಯನ್ನೇ ಕೊಡಲಾಗುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪಾಠ ಹೇಳುವ ಗುರುಗಳಿಗೆ ಗೌರವಧನ ತಡವಾಗುತ್ತದೆ. ಒಂದು ತಿಂಗಳು ಕಾಯುತ್ತಾರೆ, ಎರಡು ತಿಂಗಳು ಕಾಯುತ್ತಾರೆ. ಮೂರನೆಯ ತಿಂಗಳು ಬೇರೆ ಊರಿನಿಂದ ಕರೆ ಬಂದರೆ ಹೋಗುತ್ತಾರೆ. ಅವರ ಮೇಲೆ ತಪ್ಪು ಹೊರಿಸುವಂತಿಲ್ಲ, ಅವರಿಗೂ ಮನೆ ಇದೆ.

ಅಧ್ಯಕ್ಷರು ಬೇರೆ, ಮಹಾಪೋಷಕರು ಬೇರೆ

ಕನ್ನಡದಲ್ಲಿ ಇದಕ್ಕೆ ಬಹಳ ಒಳ್ಳೆಯ ಪದಗಳಿವೆ, ಆದರೆ ಅವುಗಳನ್ನು ಸರಿಯಾಗಿ ಬಳಸುತ್ತಿಲ್ಲ. ಹಣ ಕೊಟ್ಟು ಬೆಂಬಲಿಸುವವರು ಪೋಷಕರು, ಮಹಾಪೋಷಕರು. ಹಿರಿತನದಿಂದ ಮಾರ್ಗದರ್ಶನ ಮಾಡುವವರು ಗೌರವಾಧ್ಯಕ್ಷರು. ಸಭೆ ಕರೆದು, ಲೆಕ್ಕ ಕೇಳಿ, ಕೆಲಸ ಮಾಡಿಸುವವರು ಅಧ್ಯಕ್ಷರು. ಮೂರೂ ಗೌರವದ ಸ್ಥಾನಗಳೇ. ಆದರೆ ಮಹಾಪೋಷಕರಾಗಬೇಕಾದವರನ್ನು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದರೆ ಎರಡೂ ಕಡೆ ಮುಜುಗರ. ಅವರಿಗೆ ಸಭೆಗೆ ಬರಲು ಪುರುಸೊತ್ತಿಲ್ಲ. ಬಾರದವರನ್ನು ಕೇಳುವ ಧೈರ್ಯ ಉಳಿದವರಿಗಿಲ್ಲ.

ಇದನ್ನು ಒಂದು ಲೆಕ್ಕದ ಮೂಲಕ ನೋಡಬಹುದು. ಒಂದು ಊರಿನಲ್ಲಿ 40 ಮಕ್ಕಳಿರುವ ಸಂಗೀತ ಮತ್ತು ಭಜನಾ ತರಗತಿ ಇದೆ ಎಂದು ಇಟ್ಟುಕೊಳ್ಳಿ. ಇಬ್ಬರು ಗುರುಗಳಿಗೆ ತಿಂಗಳಿಗೆ ತಲಾ 12,000 ರೂ. ಗೌರವಧನ ಎಂದರೆ ವರ್ಷಕ್ಕೆ 2,88,000. ವಾರ್ಷಿಕೋತ್ಸವಕ್ಕೆ 1,50,000. ಸಭಾಂಗಣ ಮತ್ತು ವಿದ್ಯುತ್ತಿಗೆ 60,000. ಹಾರ್ಮೋನಿಯಂ, ತಬಲಾ ರಿಪೇರಿ, ವೇಷಭೂಷಣಕ್ಕೆ 40,000. ಆಡಿಟ್ ಮತ್ತು ಇತರೆ 22,000. ಒಟ್ಟು 5,60,000 ರೂ. ಮಕ್ಕಳಿಂದ ತಿಂಗಳಿಗೆ 300 ರೂ. ಶುಲ್ಕ ಎಂದರೆ ವರ್ಷಕ್ಕೆ 1,44,000. ಬ್ಯಾಂಕಿನಲ್ಲಿರುವ 12 ಲಕ್ಷ ಠೇವಣಿಗೆ ಶೇ. 7ರಂತೆ ಬಡ್ಡಿ 84,000. ಉಳಿದ 3,32,000 ರೂ. ದಾನದಿಂದಲೇ ಬರಬೇಕು.

ಅಧ್ಯಕ್ಷರಾದ ಒಬ್ಬರೇ ಪ್ರತಿ ವರ್ಷ ಮೂರು ಲಕ್ಷ ಕೊಡುತ್ತಿದ್ದರೆ ಎಲ್ಲರಿಗೂ ನೆಮ್ಮದಿ. ಆದರೆ ಆ ನೆಮ್ಮದಿಯಲ್ಲಿ ಉಳಿದವರು ಕೊಡುವ ಅಭ್ಯಾಸ ಬಿಡುತ್ತಾರೆ. ಅವರ ವ್ಯಾಪಾರ ಇಳಿದ ವರ್ಷ, ಅಥವಾ ಅವರು ಇಲ್ಲವಾದ ವರ್ಷ, ತರಗತಿಗೆ ಬೀಗ ಬೀಳುತ್ತದೆ. ಅದೇ 111 ಮನೆಗಳು ವರ್ಷಕ್ಕೆ 3,000 ರೂ. ಕೊಟ್ಟರೆ 3,33,000 ಆಗುತ್ತದೆ. ತಿಂಗಳಿಗೆ 250 ರೂ. ಹತ್ತು ಮನೆ ಬಿಟ್ಟುಹೋದರೂ ಸಂಸ್ಥೆ ಅಲುಗಾಡುವುದಿಲ್ಲ. ಅಧ್ಯಕ್ಷರ ಕೆಲಸ ಮೂರು ಲಕ್ಷ ಕೊಡುವುದಲ್ಲ, ಈ 111 ಮನೆಗಳ ಬಾಗಿಲು ತಟ್ಟಿಸುವುದು ಮತ್ತು ಕೊಟ್ಟವರಿಗೆ ವರ್ಷದ ಕೊನೆಯಲ್ಲಿ ಲೆಕ್ಕ ಒಪ್ಪಿಸುವುದು.

ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಸಮಾಜ ಇಂದಿಗೂ ನೆನೆಯುವುದು ಸಂಪತ್ತಿಗಾಗಿ ಅಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು, ರನ್ನನಿಂದ ಅಜಿತಪುರಾಣ ಬರೆಸಿದಳು, ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದಳು. ಅಚ್ಚುಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಓಲೆಗರಿ ಹೊಂದಿಸಬೇಕು, ಲಿಪಿಕಾರರನ್ನು ಕೂಡಿಸಬೇಕು, ಬರೆದದ್ದನ್ನು ಬೇಕಾದವರಿಗೆ ತಲುಪಿಸಬೇಕು. ಹಣದ ಜೊತೆಗೆ ವ್ಯವಸ್ಥೆ ಇದ್ದದ್ದರಿಂದ ಆ ಕೆಲಸ ಆಯಿತು.

ಮೊದಲು ಡೀಡ್ ಓದಬೇಕು

ಕರ್ನಾಟಕದಲ್ಲಿ ಇಂಥ ಸಂಸ್ಥೆಗಳು ಹೆಚ್ಚಾಗಿ ಎರಡು ರೂಪದಲ್ಲಿರುತ್ತವೆ. ಒಂದು, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಡೀಡ್ ನೋಂದಾಯಿಸಿದ ಟ್ರಸ್ಟ್. ಇನ್ನೊಂದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘ. ಸಂಘಕ್ಕೆ ಕನಿಷ್ಠ 7 ಜನ ಸದಸ್ಯರು ಬೇಕು, ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರವನ್ನು ಸಂಘಗಳ ನಿಬಂಧಕರಿಗೆ ಸಲ್ಲಿಸಬೇಕು. ಸಂಘದಲ್ಲಿ ಬೈಲಾ ಪ್ರಕಾರ ಆಯ್ಕೆ ನಡೆಯುತ್ತದೆ. ಟ್ರಸ್ಟಿನಲ್ಲಿ ಡೀಡ್ ಹೇಳಿದಂತೆ ನಡೆಯುತ್ತದೆ.

ಅನೇಕ ಡೀಡ್‌ಗಳಲ್ಲಿ ಅಧ್ಯಕ್ಷರು ಟ್ರಸ್ಟಿಗಳಲ್ಲಿ ಒಬ್ಬರಾಗಿರಬೇಕು ಎಂದಿರುತ್ತದೆ. ಹಾಗಿದ್ದರೆ ಹೊರಗಿನವರನ್ನು ಮೊದಲು ಟ್ರಸ್ಟಿಯಾಗಿ ಸೇರಿಸಿಕೊಂಡು ಆಮೇಲೆ ಅಧ್ಯಕ್ಷರಾಗಿ ಆರಿಸಬೇಕು. ಟ್ರಸ್ಟಿಗಳ ಸಂಖ್ಯೆಗೆ ಮಿತಿ ಇದೆಯೇ, ಕೋರಂ ಎಷ್ಟು, ಅವಧಿ ಎಷ್ಟು ವರ್ಷ, ಆಜೀವ ಟ್ರಸ್ಟಿಗಳು ಯಾರು, ಬ್ಯಾಂಕ್ ವ್ಯವಹಾರಕ್ಕೆ ಯಾರ ಸಹಿ ಎಂಬ ಐದು ವಿಷಯಗಳನ್ನು ಡೀಡ್‌ನಿಂದ ಒಂದು ಹಾಳೆಗೆ ಇಳಿಸಿಕೊಳ್ಳಬೇಕು. ಡೀಡ್ ಅವಕಾಶ ಕೊಡದ ಬದಲಾವಣೆಯನ್ನು ಬರೀ ಠರಾವಿನಿಂದ ಮಾಡಲಾಗದು, ಅಂಥ ಕಡೆ ವಕೀಲರ ಸಲಹೆ ಪಡೆಯಲೇಬೇಕು. ಸಣ್ಣ ತಪ್ಪು ಎಂದು ಬಿಟ್ಟದ್ದು ಮುಂದೆ ಎರಡು ಗುಂಪುಗಳ ನಡುವೆ ಕೋರ್ಟಿಗೆ ಹೋದ ಉದಾಹರಣೆಗಳು ಯಾವ ಸಮಾಜದಲ್ಲಿಯೂ ಕಡಿಮೆಯಿಲ್ಲ.

ಕೆಲಸವನ್ನು ಬರೆದಿಡುವುದು

ಅಧ್ಯಕ್ಷರಿಂದ ಏನನ್ನು ನಿರೀಕ್ಷಿಸಲಾಗುತ್ತಿದೆ ಎಂಬುದನ್ನು ಒಂದೇ ಪುಟದಲ್ಲಿ ಬರೆಯಬೇಕು. ಬರೆಯಲು ಕೂತಾಗಲೇ ಸಮಿತಿಯೊಳಗಿನ ಭಿನ್ನಾಭಿಪ್ರಾಯಗಳು ಹೊರಬರುತ್ತವೆ. ಅದು ಒಳ್ಳೆಯದೇ. ಹೊಸಬರು ಬಂದ ಮೇಲೆ ಜಗಳವಾಗುವುದಕ್ಕಿಂತ ಮೊದಲೇ ಮಾತಾಡಿಕೊಳ್ಳುವುದು ಲೇಸು. ಪುಟದಲ್ಲಿ ಇರಬೇಕಾದ ಅಂಶಗಳು ಇವು:

1. ಸಭೆಗಳು. ವರ್ಷಕ್ಕೆ ಎಷ್ಟು, ಯಾವ ವಾರ, ಎಲ್ಲಿ. ಅಧ್ಯಕ್ಷರು ಸಭೆಯ ವಿಷಯಪಟ್ಟಿ ನೋಡಿ ಒಪ್ಪಬೇಕು, ನಡಾವಳಿಗೆ ಸಹಿ ಹಾಕಬೇಕು.

2. ಹಣ. ಮೂರು ತಿಂಗಳಿಗೊಮ್ಮೆ ಖಜಾಂಚಿಯಿಂದ ಜಮಾ-ಖರ್ಚು ಕೇಳುವುದು. 2,000 ರೂ.ಗಿಂತ ಹೆಚ್ಚಿನ ನಗದು ದಾನಕ್ಕೆ ದಾನಿಗೆ 80ಜಿ ರಿಯಾಯಿತಿ ಸಿಗುವುದಿಲ್ಲ, ಆದ್ದರಿಂದ ದಾನ ಬ್ಯಾಂಕ್ ಮೂಲಕ ಬರುವಂತೆ ನೋಡಿಕೊಳ್ಳುವುದು. ಬಸದಿಯ ದೇವದ್ರವ್ಯ ಮತ್ತು ಕಲಾ ಟ್ರಸ್ಟಿನ ಹಣ ಎಂದೂ ಕೂಡದಂತೆ ಎಚ್ಚರ ವಹಿಸುವುದು. ಕೈಸಾಲವಾಗಿ ಕೂಡ ಅತ್ತಿತ್ತ ಮಾಡಬಾರದು.

3. ಗುರುಗಳು. ಯಾವ ರಾಗ, ಯಾವ ಪ್ರಸಂಗ, ಯಾರಿಗೆ ಯಾವ ಪಾತ್ರ ಎಂಬುದು ಗುರುಗಳ ತೀರ್ಮಾನ. ಗೌರವಧನ, ಸಮಯ, ರಜೆ ಇವು ಸಮಿತಿಯ ತೀರ್ಮಾನ. ಈ ಗೆರೆಯನ್ನು ಕಾಯುವುದು ಅಧ್ಯಕ್ಷರ ಹೊಣೆ.

4. ಮಕ್ಕಳ ಸುರಕ್ಷತೆ. ತರಗತಿಗೆ ಬರುವವರು ಮಕ್ಕಳು. ತಾಲೀಮು ತಡವಾದಾಗ ಯಾರು ಮನೆಗೆ ಬಿಡುತ್ತಾರೆ, ಬೇರೆ ಊರಿಗೆ ಕಾರ್ಯಕ್ರಮಕ್ಕೆ ಹೋದಾಗ ಜೊತೆಗೆ ಯಾರು ಇರುತ್ತಾರೆ ಎಂಬ ನಿಯಮ ಬರಹದಲ್ಲಿರಬೇಕು. ಮಗುವಿಗೆ ತೊಂದರೆಯಾದ ಸಂಗತಿ ತಿಳಿದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಂಸ್ಥೆಯ ಮರ್ಯಾದೆಗಾಗಿ ಮುಚ್ಚಿಡುವ ಹಕ್ಕು ಅಧ್ಯಕ್ಷರಿಗೂ ಇಲ್ಲ.

5. ಸಮಯ ಮತ್ತು ಅವಧಿ. ತಿಂಗಳಿಗೆ ಎಷ್ಟು ಗಂಟೆ ಬೇಕಾಗುತ್ತದೆ, ವಾರ್ಷಿಕೋತ್ಸವದ ತಿಂಗಳು ಎಷ್ಟು ಹೆಚ್ಚಾಗುತ್ತದೆ ಎಂದು ಪ್ರಾಮಾಣಿಕವಾಗಿ ಬರೆಯಬೇಕು. ಏನೂ ಕೆಲಸವಿಲ್ಲ, ಹೆಸರಿದ್ದರೆ ಸಾಕು ಎಂದು ಹೇಳಿ ಒಪ್ಪಿಸುವುದು ಅಸತ್ಯ. ಅಣುವ್ರತ ಪಾಲಿಸುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕರೆಪತ್ರದ ಒಂದು ಮಾದರಿ

ಈ ಪುಟದ ಸಾರವನ್ನು ಬಸದಿಯ ಸೂಚನಾ ಫಲಕದಲ್ಲಿ, ಸಮಾಜದ ಪತ್ರಿಕೆಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಹಾಕಬಹುದು. ಮಾತು ಹೀಗಿರಬಹುದು:

"ನಮ್ಮ ಕಲಾ ಟ್ರಸ್ಟ್ 22 ವರ್ಷಗಳಿಂದ ಮಕ್ಕಳಿಗೆ ಸಂಗೀತ ಮತ್ತು ಜಿನಭಜನೆ ಕಲಿಸುತ್ತಿದೆ. ಈಗ 40 ಮಕ್ಕಳು ಕಲಿಯುತ್ತಿದ್ದಾರೆ. ಈಗಿನ ಅಧ್ಯಕ್ಷರ ಅವಧಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮುಂದಿನ ಮೂರು ವರ್ಷಗಳಿಗೆ ಸೇವಾ ಮನೋಭಾವದ ಅಧ್ಯಕ್ಷರು ಬೇಕಾಗಿದ್ದಾರೆ. ಇದಕ್ಕೆ ಸಂಭಾವನೆ ಇಲ್ಲ. ದಾನ ಕೊಡಬೇಕೆಂಬ ಷರತ್ತೂ ಇಲ್ಲ. ತಿಂಗಳಿಗೆ 8ರಿಂದ 10 ಗಂಟೆ ಸಮಯ, ಲೆಕ್ಕಪತ್ರ ಓದುವ ತಾಳ್ಮೆ, ಎಲ್ಲರ ಮಾತು ಕೇಳುವ ಮನಸ್ಸು ಬೇಕು. ಹಾಡಲು ಬರಬೇಕಾಗಿಲ್ಲ. ಮಹಿಳೆಯರೂ ಪುರುಷರೂ ಆಸಕ್ತಿ ತಿಳಿಸಬಹುದು. ಬೇರೆಯವರ ಹೆಸರನ್ನು ಅವರ ಒಪ್ಪಿಗೆ ಪಡೆದು ಸೂಚಿಸಬಹುದು. ಮೂರು ವರ್ಷಗಳ ಆಡಿಟ್ ವರದಿಯನ್ನು ಕಚೇರಿಯಲ್ಲಿ ನೋಡಬಹುದು."

ದಾನದ ಷರತ್ತಿಲ್ಲ ಎಂಬ ಒಂದು ಸಾಲಿನಿಂದಲೇ ಅನೇಕ ಯೋಗ್ಯರಿಗೆ ಬಾಗಿಲು ತೆರೆದಂತಾಗುತ್ತದೆ. ಅಧ್ಯಕ್ಷಗಿರಿ ಎಂದರೆ ಲಕ್ಷಗಟ್ಟಲೆ ಕೊಡಬೇಕು ಎಂಬ ಅಂಜಿಕೆಯಿಂದ ಹಿಂದೆ ಉಳಿದವರು ಎಲ್ಲ ಊರಿನಲ್ಲಿಯೂ ಇದ್ದಾರೆ.

ಎಲ್ಲಿ ಹುಡುಕಬೇಕು?

ಪ್ರತಿ ಊರಿನಲ್ಲಿಯೂ ನಾಲ್ಕೈದು ಮನೆತನಗಳ ಹೆಸರೇ ಎಲ್ಲ ಸಮಿತಿಗಳಲ್ಲಿಯೂ ಕಾಣುತ್ತದೆ. ಬಸದಿಗೂ ಅವರೇ, ಸಹಕಾರಿ ಸಂಘಕ್ಕೂ ಅವರೇ, ಕಲಾ ಸಂಸ್ಥೆಗೂ ಅವರೇ. ಅವರ ಶ್ರದ್ಧೆಯಲ್ಲಿ ಕೊರತೆ ಇಲ್ಲ, ಸಮಯದಲ್ಲಿ ಕೊರತೆ ಇದೆ. ಆದ್ದರಿಂದ ಪಟ್ಟಿಯನ್ನು ಅಗಲ ಮಾಡಬೇಕು.

ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಮುಖ್ಯೋಪಾಧ್ಯಾಯರು, ಅಂಚೆ ಇಲಾಖೆಯವರು, ಕಾಲೇಜು ಉಪನ್ಯಾಸಕರು ಇವರಿಗೆ ಕಡತ, ನಡಾವಳಿ, ಆಡಿಟ್ ಹೊಸದಲ್ಲ. ಮಕ್ಕಳನ್ನು ಹತ್ತು ವರ್ಷ ತರಗತಿಗೆ ಕರೆತಂದ ತಾಯಂದಿರಿಗೆ ಸಂಸ್ಥೆಯ ಒಳಹೊರಗು ಗೊತ್ತಿರುವಷ್ಟು ಟ್ರಸ್ಟಿಗಳಿಗೂ ಗೊತ್ತಿರುವುದಿಲ್ಲ. ಭಜನಾ ಮಂಡಳಿಗಳನ್ನು ನಿಜವಾಗಿ ನಡೆಸುತ್ತಿರುವವರು ಶ್ರಾವಿಕೆಯರೇ ಆಗಿರುವಾಗ ಅಧ್ಯಕ್ಷರ ಕುರ್ಚಿಗೆ ಮಾತ್ರ ಪುರುಷರನ್ನು ಹುಡುಕುವುದು ವಿಚಿತ್ರ. ಅತ್ತಿಮಬ್ಬೆಯ ಹೆಸರು ಹೇಳುವ ಸಮಾಜಕ್ಕೆ ಅದು ಶೋಭೆಯಲ್ಲ. ಇದೇ ತರಗತಿಯಲ್ಲಿ ಕಲಿತು ಈಗ ಮೂವತ್ತು, ನಲವತ್ತು ವರ್ಷದವರಾದ ಹಳೆಯ ವಿದ್ಯಾರ್ಥಿಗಳನ್ನೂ ಕೇಳಬೇಕು. ಪೂರ್ಣ ಹೊಣೆ ಹೊರಲಾಗದಿದ್ದರೆ ಉಪಾಧ್ಯಕ್ಷರಾಗಿ ಬಂದು ಕಲಿತರೆ ಮುಂದಿನ ಹುಡುಕಾಟ ಸುಲಭವಾಗುತ್ತದೆ.

ಊರಿನ ಸಮಾಜದಲ್ಲಿ ದಿಗಂಬರರೂ ಶ್ವೇತಾಂಬರರೂ ಇರಬಹುದು. ಮನೆಮಾತು ಕನ್ನಡ, ತುಳು, ಮರಾಠಿ, ಗುಜರಾತಿ, ಮಾರವಾಡಿ ಯಾವುದೂ ಆಗಿರಬಹುದು. ಕಲೆ ಇವರೆಲ್ಲ ಒಟ್ಟಿಗೆ ಕೂರಬಲ್ಲ ಜಾಗ. ಒಂದೇ ಗುಂಪಿನವರಿಗೆ ಮಾತ್ರ ಬೇಕಾದವರು ಅಧ್ಯಕ್ಷರಾದರೆ ಉಳಿದವರ ಮಕ್ಕಳು ನಿಧಾನವಾಗಿ ಬರುವುದನ್ನು ನಿಲ್ಲಿಸುತ್ತಾರೆ. ಅನೇಕಾಂತವನ್ನು ಪ್ರವಚನದಲ್ಲಿ ಕೇಳುವುದು ಸುಲಭ, ಸಮಿತಿಯ ಸಭೆಯಲ್ಲಿ ನಡೆಸಬಲ್ಲವರನ್ನು ಹುಡುಕಬೇಕು.

ಕೇಳುವ ರೀತಿ

ವೇದಿಕೆಯ ಮೇಲೆ ಹೆಸರು ಘೋಷಿಸಿ ಒಪ್ಪಿಸುವ ಪದ್ಧತಿಯನ್ನು ಬಿಡಬೇಕು. ಎಲ್ಲರ ಎದುರು ಬೇಡ ಎನ್ನಲಾಗದೆ ಒಪ್ಪಿದವರು ಆಮೇಲೆ ಸಭೆಗೆ ಬರದೆ ಬೇಡ ಎನ್ನುತ್ತಾರೆ. ಇಬ್ಬರು ಟ್ರಸ್ಟಿಗಳು ಅವರ ಮನೆಗೆ ಹೋಗಿ, ಆ ಒಂದು ಪುಟವನ್ನು ಕೈಗೆ ಕೊಟ್ಟು, ಮನೆಯವರ ಜೊತೆ ಮಾತಾಡಿ ಹದಿನೈದು ದಿನದಲ್ಲಿ ತಿಳಿಸಿ ಎನ್ನಬೇಕು. ಬೇಡ ಎಂದರೆ ಬೇಸರಿಸದೆ, ಬೇರೆ ಯಾರು ಸರಿ ಎಂದು ಅವರನ್ನೇ ಕೇಳಬೇಕು. ಒಳ್ಳೆಯ ಹೆಸರುಗಳು ಹಾಗೆಯೇ ಸಿಗುವುದು.

ಹುಡುಕಲು ಮೂರು ಜನರ ಸಣ್ಣ ಸಮಿತಿ ಸಾಕು. ಅದರಲ್ಲಿ ತಾವೇ ಅಧ್ಯಕ್ಷರಾಗಬೇಕೆಂದಿರುವವರು ಇರಬಾರದು. ನಿರ್ಗಮಿಸುವ ಅಧ್ಯಕ್ಷರ ಸಲಹೆ ಕೇಳಬೇಕು, ಆದರೆ ಉತ್ತರಾಧಿಕಾರಿಯನ್ನು ಅವರೊಬ್ಬರೇ ನೇಮಿಸುವಂತಾಗಬಾರದು. ಚಾತುರ್ಮಾಸದಲ್ಲಿ ಜನ ಬಸದಿಗೆ ಹೆಚ್ಚಾಗಿ ಬರುತ್ತಾರೆ, ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಭಜನೆ, ಸಾಂಸ್ಕೃತಿಕ ಕಾರ್ಯಕ್ರಮ ನಡೆಯುತ್ತವೆ. ಯಾರು ಮುಂದೆ ನಿಂತು ಮಾತಾಡುತ್ತಾರೆ, ಯಾರು ಹಿಂದೆ ನಿಂತು ಚಾಪೆ ಮಡಿಸುತ್ತಾರೆ ಎಂಬುದು ಆಗ ಕಾಣುತ್ತದೆ. ಆಗ ಶುರುಮಾಡಿದರೆ ಮಾರ್ಚ್ ಹೊತ್ತಿಗೆ ತೀರ್ಮಾನಕ್ಕೆ ಸಾಕಷ್ಟು ಸಮಯ ಇರುತ್ತದೆ.

ಎರಡೂ ಕಡೆಯ ಪ್ರಶ್ನೆಗಳು

ಆಸಕ್ತಿ ತೋರಿದವರ ಜೊತೆ ಕುಳಿತು ಮಾತಾಡುವುದು ಪರೀಕ್ಷೆಯಲ್ಲ, ಮದುವೆಯ ಮಾತುಕತೆಯಂತೆ ಎರಡೂ ಕಡೆಯವರು ವಿಚಾರಿಸಿಕೊಳ್ಳುವುದು. ಸಮಿತಿಯವರು ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಹಿಂದೆ ಇದ್ದ ಸಮಿತಿಯಲ್ಲಿ ಬಹುಮತ ತಮ್ಮ ವಿರುದ್ಧ ಹೋದಾಗ ಏನು ಮಾಡಿದಿರಿ? ದೊಡ್ಡ ದಾನಿಯೊಬ್ಬರು ತಮ್ಮ ಮೊಮ್ಮಗಳಿಗೆ ಮುಖ್ಯ ಪಾತ್ರ ಕೊಡಿ ಎಂದರೆ ಗುರುಗಳಿಗೆ ಏನು ಹೇಳುತ್ತೀರಿ? ವೇಷಭೂಷಣ ಅಥವಾ ಶಾಮಿಯಾನದ ವ್ಯವಹಾರ ನಿಮ್ಮ ಸಂಬಂಧಿಕರದ್ದಾಗಿದ್ದರೆ ಬಿಲ್ ಯಾರು ಮಂಜೂರು ಮಾಡಬೇಕು? ಕೊನೆಯ ಪ್ರಶ್ನೆ ಬರೀ ನೀತಿಯದ್ದಲ್ಲ. ಟ್ರಸ್ಟಿಗಳಿಗೆ ಅಥವಾ ಅವರ ಸಂಬಂಧಿಕರಿಗೆ ಅನುಚಿತ ಲಾಭವಾದರೆ ಟ್ರಸ್ಟಿನ ತೆರಿಗೆ ವಿನಾಯಿತಿಗೇ ಧಕ್ಕೆ ಬರುತ್ತದೆ.

ಬರುವವರೂ ಕೇಳಬೇಕು. ಮೂರು ವರ್ಷಗಳ ಆಡಿಟ್ ವರದಿ ಕೊಡಿ. ಗುರುಗಳಿಗೆ ಬಾಕಿ ಇದೆಯೇ? ಯಾರಿಂದಲಾದರೂ ಸಾಲ ತಂದದ್ದಿದೆಯೇ? ಜಾಗದ ಬಗ್ಗೆ ತಕರಾರು ಇದೆಯೇ? ಹಳೆಯ ಅಧ್ಯಕ್ಷರು ಸಮಿತಿಯಲ್ಲಿ ಉಳಿಯುತ್ತಾರೆಯೇ? ಈ ಪ್ರಶ್ನೆಗಳನ್ನು ಅಪನಂಬಿಕೆ ಎಂದು ತಿಳಿಯಬಾರದು. ಲೆಕ್ಕ ನೋಡದೆ ಅಂಗಡಿಯನ್ನು ಯಾರೂ ಕೊಳ್ಳುವುದಿಲ್ಲ. ಇದನ್ನೆಲ್ಲ ಕೇಳದವರು ಮುಂದೆ ಖಜಾಂಚಿಯನ್ನೂ ಕೇಳುವುದಿಲ್ಲ.

ಹಸ್ತಾಂತರ

ಆಯ್ಕೆ ಠರಾವಾದ ಮೇಲೆ ಶಾಲು ಹಾರದ ಜೊತೆ ಒಂದು ಪಟ್ಟಿಯೂ ಕೈ ಬದಲಾಗಬೇಕು. ಮೂಲ ಡೀಡ್ ಅಥವಾ ಬೈಲಾ, ಪ್ಯಾನ್ ಕಾರ್ಡ್, ತೆರಿಗೆ ನೋಂದಣಿ ಪತ್ರಗಳು ಮತ್ತು ಅವುಗಳ ಅವಧಿ ಮುಗಿಯುವ ದಿನಾಂಕ, ನಡಾವಳಿ ಪುಸ್ತಕ, ರಸೀದಿ ಪುಸ್ತಕಗಳು, ಠೇವಣಿ ಪತ್ರ, ಬಾಡಿಗೆ ಕರಾರು, ವಾದ್ಯ ಮತ್ತು ವೇಷಭೂಷಣಗಳ ಪಟ್ಟಿ, ಜಾಲತಾಣಗಳ ಪಾಸ್‌ವರ್ಡ್ ಇವೆಲ್ಲ ಅದರಲ್ಲಿರಬೇಕು. ಬ್ಯಾಂಕ್ ಮತ್ತು ತೆರಿಗೆ ಖಾತೆಗಳಲ್ಲಿ ಮೊಬೈಲ್ ನಂಬರ್ ಬದಲಾವಣೆಯನ್ನು ಹಳೆಯ ಅಧ್ಯಕ್ಷರು ಇರುವಾಗಲೇ ಮುಗಿಸಬೇಕು. ಸಾಧ್ಯವಾದರೆ ಸಂಸ್ಥೆಯದ್ದೇ ಒಂದು ಸಿಮ್ ಇಟ್ಟುಕೊಳ್ಳುವುದು ಒಳ್ಳೆಯದು. ಹಿಂದಿನ ವರ್ಷದ ಆಡಿಟ್ ಮುಗಿಯುವವರೆಗೆ ಹಳೆಯ ಅಧ್ಯಕ್ಷರು ವಿವರಣೆ ಕೊಡಲು ಸಿಗಬೇಕು. ಅವರ ಕಾಲದ ಲೆಕ್ಕಕ್ಕೆ ಹೊಸಬರನ್ನು ಉತ್ತರ ಕೇಳುವುದು ನ್ಯಾಯವಲ್ಲ.

ಮೊದಲ ಮೂರು ತಿಂಗಳಲ್ಲಿ ಹೊಸ ಅಧ್ಯಕ್ಷರು ದೊಡ್ಡ ಬದಲಾವಣೆಗೆ ಕೈಹಾಕದೆ ತರಗತಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುವುದು ಉತ್ತಮ. ಗುರುಗಳ ಜೊತೆ, ಪಾಲಕರ ಜೊತೆ, ಸಭಾಂಗಣ ಗುಡಿಸುವವರ ಜೊತೆಯೂ ಮಾತಾಡಬೇಕು. ಆಮೇಲೆ ಎಲ್ಲಿ ಸೋರುತ್ತಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಬಿಡುವುದನ್ನೂ ಮೊದಲೇ ಬರೆದಿಡಬೇಕು

ಡೀಡ್ ಒಪ್ಪುವುದಾದರೆ ಮೂರು ವರ್ಷಗಳ ಅವಧಿ, ಹೆಚ್ಚೆಂದರೆ ಎರಡು ಅವಧಿ ಎಂದು ನಿಯಮ ಮಾಡಿಕೊಂಡ ಸಂಸ್ಥೆಗೆ ಹೊಸಬರನ್ನು ಕರೆಯುವುದು ಸುಲಭ. ಕೊನೆಯೇ ಇಲ್ಲದ ಹೊಣೆಗೆ ಹೆದರುವವರು ಮೂರು ವರ್ಷದ ಸೇವೆಗೆ ಒಪ್ಪುತ್ತಾರೆ. ಅಪರಿಗ್ರಹ ಎಂದರೆ ಬರೀ ಹಣ, ಚಿನ್ನ, ಭೂಮಿಯ ಮಿತಿ ಅಲ್ಲ. ಪದವಿಯ ಮೇಲಿನ ಮಮಕಾರವೂ ಪರಿಗ್ರಹವೇ.

ಬಿಟ್ಟುಹೋಗುವವರನ್ನು ಗೌರವದಿಂದ ಕಳಿಸಿಕೊಡುವುದು ಉಳಿದವರ ಕರ್ತವ್ಯ. ಇಪ್ಪತ್ತು ವರ್ಷ ದುಡಿದವರು ಒಂದು ದಿನ ಹೊರಗಿನವರಂತಾದರೆ ಅದನ್ನು ನೋಡಿದ ಮುಂದಿನವರು ಕುರ್ಚಿ ಬಿಡಲು ಹಿಂಜರಿಯುತ್ತಾರೆ. ಜೊತೆಯಾಗಿ ಕೆಲಸ ಮಾಡಿದವರ ನಡುವೆ ಮಾತು ಹೆಚ್ಚುಕಡಿಮೆ ಆಗಿಯೇ ಇರುತ್ತದೆ. ಅದಕ್ಕೆ ದಶಲಕ್ಷಣದ ನಂತರ ಕ್ಷಮಾವಾಣಿ ಇದೆ. ಹಳೆಯ ಅಧ್ಯಕ್ಷರು, ಹೊಸ ಅಧ್ಯಕ್ಷರು, ಗುರುಗಳು, ಸಮಿತಿಯವರು ಆ ದಿನ ಒಟ್ಟಿಗೆ ಸೇರಿ ಕ್ಷಮೆ ಕೇಳಿ ಕೊಟ್ಟುಕೊಂಡರೆ ವರ್ಷದ ಲೆಕ್ಕ ಸರಿಯಾಗಿ ಮುಗಿದಂತೆ.

ಅಧ್ಯಕ್ಷರ ಅವಧಿ ಮುಗಿಯಲು ಇನ್ನೂ ಒಂದು ವರ್ಷ ಇರುವ ಸಂಸ್ಥೆಗಳು ಈ ತಿಂಗಳು ಎರಡು ಕೆಲಸ ಮಾಡಬಹುದು. ಬೀರುವಿನಲ್ಲಿರುವ ಡೀಡ್ ಹೊರತೆಗೆದು ಓದುವುದು, ಅಧ್ಯಕ್ಷರ ಕೆಲಸ ಏನು ಎಂದು ಒಂದು ಪುಟ ಬರೆಯುವುದು. ಇವೆರಡಕ್ಕೂ ಖರ್ಚಿಲ್ಲ, ಒಂದು ಭಾನುವಾರದ ಬೆಳಗ್ಗೆ ಸಾಕು.